85% ಭಾರ, 5 ಸಲ: ಅರವತ್ತು ದಾಟಿದವರ ಮೂಳೆಗೆ ಲಿಫ್ಟ್‌ಮೋರ್ ಕ್ರಮ ನಮ್ಮಲ್ಲಿ ನಡೆಯುತ್ತದೆಯೇ?

ಫಿಸಿಯೊ_ಶಿವಮೊಗ್ಗ

ಲಿಫ್ಟ್‌ಮೋರ್ ಪ್ರಯೋಗದ ಹೆಸರು ಇಲ್ಲಿ ಆಗಾಗ ಬರುತ್ತದೆ. ಆದರೆ "ವಯಸ್ಸಾದವರೂ ಭಾರ ಎತ್ತಬಹುದಂತೆ" ಎಂಬಲ್ಲಿಗೇ ಮಾತು ನಿಂತುಬಿಡುತ್ತದೆ. ವಿವರ ಒಂದೇ ಕಡೆ ಇರಲಿ ಎಂದು ಈ ಎಳೆ.

ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ, ಗ್ರಿಫಿತ್ ವಿಶ್ವವಿದ್ಯಾಲಯದ ಬೆಲಿಂಡಾ ಬೆಕ್ ಅವರ ತಂಡ ಮಾಡಿದ ಕೆಲಸ ಇದು. ವರದಿ ಬಂದದ್ದು 2017ರಲ್ಲಿ. ಮುಟ್ಟು ನಿಂತ 101 ಮಹಿಳೆಯರು, 58 ದಾಟಿದವರು, ಟಿ-ಸ್ಕೋರ್ (ಯೌವನದ ಸರಾಸರಿಗೆ ಹೋಲಿಸಿದ ಮೂಳೆ ಸಾಂದ್ರತೆಯ ಅಂಕ) −1ಕ್ಕಿಂತ ಕೆಳಗೆ. ಒಂದು ಗುಂಪಿಗೆ ವಾರಕ್ಕೆ 2 ದಿನ, ದಿನಕ್ಕೆ 30 ನಿಮಿಷ, ಒಟ್ಟು 8 ತಿಂಗಳು: ಡೆಡ್‌ಲಿಫ್ಟ್ (ನೆಲದ ಮೇಲಿನ ತೂಕದ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು), ಹೆಗಲ ಮೇಲೆ ಬಾರ್ ಇಟ್ಟು ಸ್ಕ್ವಾಟ್ (ಕುಕ್ಕರಿಸಿ ಏಳುವುದು), ತಲೆಯ ಮೇಲಕ್ಕೆ ಪ್ರೆಸ್ (ಬಾರನ್ನು ದೂಡುವುದು). ಮೂರಕ್ಕೂ 5 ಸೆಟ್, ಸೆಟ್ಟಿಗೆ 5 ಸಲ. ತೂಕ, ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠದ 85%ಕ್ಕಿಂತ ಮೇಲೆ. ನಾಲ್ಕನೆಯದು, ಕಂಬಿ ಹಿಡಿದು ಜಿಗಿದು ಮೇಲೇರಿ ಧಪ್ಪನೆ ನೆಲಕ್ಕಿಳಿಯುವುದು. ಇನ್ನೊಂದು ಗುಂಪು ಮನೆಯಲ್ಲೇ ಹಗುರ ವ್ಯಾಯಾಮ ಮಾಡಿತು.

ಭಾರ ಎತ್ತಿದವರ ಬೆನ್ನೆಲುಬಿನ ಕೆಳಭಾಗದಲ್ಲಿ ಸಾಂದ್ರತೆ ಸರಾಸರಿ 2.9% ಏರಿತು, ಹಗುರ ವ್ಯಾಯಾಮದವರಲ್ಲಿ 1.2% ಇಳಿಯಿತು. ತೊಡೆಮೂಳೆಯ ಕುತ್ತಿಗೆಯಲ್ಲಿ (ಮೇಲ್ತುದಿಯ ಕಿರಿದಾದ ಭಾಗ) ಭಾರ ಎತ್ತಿದವರಿಗೆ 0.3% ಏರಿಕೆ, ಹಗುರ ವ್ಯಾಯಾಮದವರಿಗೆ 1.9% ಇಳಿಕೆ. ತೊಂದರೆ ಎಂದು ದಾಖಲಾದದ್ದು ಬೆನ್ನು ಹಿಡಿದುಕೊಂಡ ಒಂದು ಸಣ್ಣ ಪ್ರಕರಣ.

ಕೇಳಬೇಕಾದ್ದು ನಾಲ್ಕು. ಬಾರ್ ಮುಟ್ಟದವರನ್ನು 85%ವರೆಗೆ ಕರೆದೊಯ್ಯುವ ಹಾದಿ ಯಾವುದು? ಜಿಗಿತಕ್ಕೆ ಬದಲು ಏನು? ಯಾರಿಗೆ ಬೇಡ? ಫಲ ಸಿಗುತ್ತಿದೆ ಎಂದು ಯಾವುದರಿಂದ ಗೊತ್ತಾಗುತ್ತದೆ?

ನಡಿಗೆಪ್ರಿಯ

ದಿನಕ್ಕೆ 6 ಕಿ.ಮೀ. ನಡೆಯುವವರಿಗೂ ಇದೆಲ್ಲ ಬೇಕೇ ಸರ್? ನಡಿಗೆಯೂ ಮೈಭಾರ ಹೊರುವ ವ್ಯಾಯಾಮವೇ ಅಲ್ಲವೇ? ಅರವತ್ತೈದರ ಅಮ್ಮಂದಿರ ಹೆಗಲ ಮೇಲೆ ಕಬ್ಬಿಣ ಹೇರುವುದು ಸ್ವಲ್ಪ ಅತಿಯಾಯಿತು ಅನಿಸುತ್ತದೆ.

ತೊಲೆಬಾರ

ನಡಿಗೆ ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ ಒಳ್ಳೆಯದು. ಬೆನ್ನೆಲುಬಿನ ಸಾಂದ್ರತೆಗೆ ಅದರಿಂದ ಸಿಗುವುದು ಇಲ್ಲವೆನ್ನುವಷ್ಟು ಕಡಿಮೆ. ಮೂಳೆ ದಿನವೂ ಕಾಣುವ ಹೊರೆಗೆ ಒಗ್ಗಿಕೊಂಡಿರುತ್ತದೆ. ಅದಕ್ಕೆ ಸುದ್ದಿ ಮುಟ್ಟುವುದು ಹೊರೆ ರೂಢಿಗಿಂತ ಜಾಸ್ತಿಯಾದಾಗ, ಅದೂ ಥಟ್ಟನೆ ಬಂದಾಗ. 1984ರಲ್ಲಿ ರೂಬಿನ್ ಮತ್ತು ಲಾನ್ಯನ್ ಹಕ್ಕಿಯ ರೆಕ್ಕೆಯ ಮೂಳೆಗೆ ಲೆಕ್ಕದ ಹೊರೆ ಕೊಟ್ಟು ನೋಡಿದರು. ದಿನಕ್ಕೆ 36 ಸಲ ಒತ್ತಿದರೆ ಮೂಳೆ ಬೆಳೆಯಿತು, 1800 ಸಲ ಒತ್ತಿದರೂ ಅದಕ್ಕಿಂತ ಹೆಚ್ಚೇನೂ ಬೆಳೆಯಲಿಲ್ಲ. ದಿನಕ್ಕೆ ಬರೀ 4 ಸಲ ಸಾಕಾಯಿತು, ಇದ್ದ ಮೂಳೆ ಉಳಿಯಲು. 6 ಕಿ.ಮೀ. ನಡಿಗೆ ಅಂದರೆ ಎಂಟು ಸಾವಿರ ಚಿಲ್ಲರೆ ಹೆಜ್ಜೆ, ಎಲ್ಲವೂ ಮೂಳೆಗೆ ಹಳೇ ಸುದ್ದಿ. ಈಜು, ಸೈಕಲ್ ಇನ್ನೂ ಕಡೆ, ಅಲ್ಲಿ ಮೈಭಾರವನ್ನು ನೀರೋ ಸೀಟೋ ಹೊರುತ್ತದೆ.

"ಅತಿಯಾಯಿತು" ಅನ್ನುವುದಕ್ಕೆ: 1990ರಲ್ಲಿ ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ಮರಿಯಾ ಫಿಯಾತರೋನೆ ತಂಡ 86ರಿಂದ 96 ವಯಸ್ಸಿನ 10 ಜನಕ್ಕೆ 8 ವಾರ ಕಾಲಿನ ಭಾರದ ತರಬೇತಿ ಕೊಟ್ಟಿತು. ಕಾಲಿನ ಬಲ ಸರಾಸರಿ 174% ಏರಿತು. ಅಂಥ ವಯಸ್ಸಿಗೇ ಅತಿಯಾಗದ್ದು ಅರವತ್ತೈದಕ್ಕೆ ಆಗುವುದಿಲ್ಲ.

ಈಗ ಹಾದಿ. ಪ್ರಯೋಗದಲ್ಲಿ ಮೊದಲ ತಿಂಗಳನ್ನು ಮೈಭಾರ ಮತ್ತು ಹಗುರ ತೂಕದಲ್ಲಿ ಚಲನೆ ಕಲಿಯಲು ಬಿಟ್ಟಿದ್ದರು. ಅಲ್ಲಿ ತಜ್ಞರು ಮಗ್ಗುಲಲ್ಲೇ ನಿಂತಿರುತ್ತಿದ್ದರು. ನಮ್ಮ ಸಾಮಾನ್ಯ ಜಿಮ್‌ಗಳಲ್ಲಿ ಮೂರು ತಿಂಗಳು ಹಿಡಿಯುವುದು ಕ್ಷೇಮ.

ಮೊದಲ 4 ವಾರ: ಬಾರ್ ಬೇಡ, ಒಂದು ಕೋಲು ಸಾಕು. ಪೊರಕೆಯ ಹಿಡಿಯನ್ನು ಬೆನ್ನ ಹಿಂದೆ ಲಂಬವಾಗಿ ಹಿಡಿಸಿ. ತಲೆಯ ಹಿಂಭಾಗ, ಭುಜದ ಹಿಂದಿನ ಎರಡು ರೆಕ್ಕೆಮೂಳೆಗಳ ನಡುವೆ, ಪೃಷ್ಠದ ಮೇಲಿನ ಚಪ್ಪಟೆ ಮೂಳೆ, ಈ ಮೂರೂ ಕಡೆ ಕೋಲು ತಾಗಿರಬೇಕು. ಆಮೇಲೆ ಗೋಡೆಗೆ ಒಂದು ಅಡಿ ಮುಂದೆ ನಿಲ್ಲಿಸಿ, "ಹಿಂದಿನಿಂದ ಬಾಗಿಲು ನೂಕಿ" ಎಂದು ಹೇಳಿ. ಮಂಡಿ ಸ್ವಲ್ಪವೇ ಮಡಿಸಿ ಪೃಷ್ಠ ಗೋಡೆಗೆ ತಾಗಬೇಕು, ಕೋಲು ಮೂರೂ ಕಡೆ ಬಿಡಬಾರದು. ಕೋಲು ಕೆಳಗಿನ ಜಾಗ ಬಿಟ್ಟಿತೆಂದರೆ ಬೆನ್ನು ಗೂನಾಗಿದೆ. ಇದು ಸರಿಹೋಗದೆ ಒಂದು ಕೆ.ಜಿ.ಯನ್ನೂ ಕೈಗೆ ಕೊಡಬೇಡಿ. ಬಹಳ ಕಡೆ ಕೆಡುವುದು ಇಲ್ಲೇ. "ಬಗ್ಗಿ" ಎಂದು ಹೇಳಿದರೆ ನಮ್ಮ ಹೆಂಗಸರು ಕಸ ಗುಡಿಸಿದ ಹಾಗೆ ಬೆನ್ನನ್ನೇ ಬಗ್ಗಿಸುತ್ತಾರೆ, ನಲವತ್ತು ವರ್ಷದ ರೂಢಿ ಅದು. ಆದ್ದರಿಂದ "ಬಗ್ಗಿ" ಎಂಬ ಮಾತನ್ನೇ ಬಿಟ್ಟುಬಿಡಿ.

ಸ್ಕ್ವಾಟಿಗೆ ಕುರ್ಚಿ. ಕೈಯೂರದೆ ಏಳಲು ಆಗದಿದ್ದರೆ ಸೀಟಿನ ಮೇಲೆ ಮಡಿಸಿದ ಜಮಖಾನೆ ಇಟ್ಟು ಎತ್ತರಿಸಿ, ಎರಡು ವಾರಕ್ಕೊಮ್ಮೆ ಒಂದು ಮಡಿಕೆ ತೆಗೆಯಿರಿ. ಕೂರುವಾಗ 3 ಎಣಿಸುವಷ್ಟು ನಿಧಾನ, ಏಳುವಾಗ ಆದಷ್ಟು ಚುರುಕು.

5ರಿಂದ 8ನೇ ವಾರ, 8–10 ಸಲ ಎತ್ತಬಲ್ಲ ತೂಕ, 3 ಸೆಟ್. 9ರಿಂದ 12, 6–8 ಸಲದ ತೂಕ, 4 ಸೆಟ್. ಆಮೇಲೆ 5×5. ಸೆಟ್ಟುಗಳ ನಡುವೆ 2–3 ನಿಮಿಷ ಕೂರಬೇಕು. ಇದನ್ನು ಯಾರೂ ಪಾಲಿಸುವುದಿಲ್ಲ, ಹರಟೆಗೆ ಒಳ್ಳೆ ಸಮಯ ಎಂದು ಹೇಳಿ ಒಪ್ಪಿಸಿ.

ಹೊಸಬರಲ್ಲಿ ಗರಿಷ್ಠ ತೂಕವನ್ನು ನೇರವಾಗಿ ಎತ್ತಿಸಿ ಅಳೆಯಬೇಡಿ. ಲೆಕ್ಕ ಹಾಕಿ: ತೂಕ × (1 + ಸಲ ÷ 30). 30 ಕೆ.ಜಿ.ಯನ್ನು 8 ಸಲ ಎತ್ತಿದರೆ ಗರಿಷ್ಠ ಸುಮಾರು 38, ಅದರ 85% ಎಂದರೆ 32 ಕೆ.ಜಿ. ಐದನೇ ಸಲ ಮುಗಿದಾಗ "ಇನ್ನೊಂದು ಎತ್ತಬಹುದಿತ್ತು" ಅನ್ನಿಸಿದರೆ ತೂಕ ಸರಿ. "ಇನ್ನೂ ನಾಲ್ಕು" ಅಂದರೆ ಹಗುರ. ಐದನೆಯದಕ್ಕೆ ಬೆನ್ನು ಗೂನಾದರೆ ಅಲ್ಲಿಗೇ ನಿಲ್ಲಿಸಿ, ತೂಕ ಇಳಿಸಿ.

ಫಿಸಿಯೊ_ಶಿವಮೊಗ್ಗ

ಬೋಧನೆಯ ಭಾಗಕ್ಕೆ ಧನ್ಯವಾದ. ಎರಡು ಸೇರಿಸುತ್ತೇನೆ. ಡೆಡ್‌ಲಿಫ್ಟಿನ ಲೆಕ್ಕವೆಲ್ಲ 45 ಸೆಂ.ಮೀ. ಅಗಲದ ದೊಡ್ಡ ಪ್ಲೇಟಿನದು, ಅದರಲ್ಲಿ ಬಾರ್ ನೆಲದಿಂದ 22 ಸೆಂ.ಮೀ. ಮೇಲಿರುತ್ತದೆ. ನಮ್ಮ ಹೆಂಗಸರು ಶುರು ಮಾಡುವುದು 2.5 ಕೆ.ಜಿ.ಯ ಪುಟ್ಟ ಪ್ಲೇಟಿನಿಂದ. ಬಾರ್ ಪಾದದ ಹತ್ತಿರ ಬಿದ್ದಿರುತ್ತದೆ, ಬೆನ್ನು ಗೂನಾಗದೆ ಅದನ್ನು ಮುಟ್ಟಲಾಗದು. ಎರಡೂ ಬದಿ ಮರದ ಹಲಗೆ ಪೇರಿಸಿ, ಬಾರ್ ಮೊಣಕಾಲಿನ ತುಸು ಕೆಳಗೆ ಬರುವಂತೆ ಮಾಡಿ. ಇಟ್ಟಿಗೆ ಬೇಡ, ಒಡೆಯುತ್ತದೆ, ಬಾರ್ ಉರುಳುತ್ತದೆ.

ಎರಡನೆಯದು, ಸಣ್ಣ ಊರಿನ ಜಿಮ್ಮಿನ ಬಾರ್ 20 ಕೆ.ಜಿ. ಎಂದು ನಂಬಬೇಡಿ. 8ರಿಂದ 12 ಕೆ.ಜಿ.ಯವೇ ಹೆಚ್ಚು, ಮೇಲೆ ಬರೆದಿರುವುದಿಲ್ಲ. ತೂಕದ ಯಂತ್ರದ ಮೇಲೆ ಬಾರ್ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ನಿಂತರೆ ಗೊತ್ತಾಗುತ್ತದೆ.

ಪ್ರೆಸ್ ಎಲ್ಲರಿಗೂ ಮೊದಲು ಕೈಕೊಡುತ್ತದೆ. 10 ಕೆ.ಜಿ.ಯಿಂದ 12.5ಕ್ಕೆ ಹೋದರೆ ಒಂದೇ ಏಟಿಗೆ 25% ಏರಿದಂತೆ. ಬಾರಿನ ಎರಡೂ ತುದಿಗೆ ಕಾಲಿಗೆ ಕಟ್ಟುವ ಅರ್ಧ ಕೆ.ಜಿ.ಯ ತೂಕದ ಪಟ್ಟಿ ಸುತ್ತಿ. ಸಕ್ಕರೆ ಕಾಯಿಲೆಯವರಲ್ಲಿ ಭುಜ ಹಿಡಿದುಕೊಳ್ಳುವುದು ಸಾಮಾನ್ಯ. ಕೈ ಕಿವಿಯ ಪಕ್ಕಕ್ಕೆ ಬರದವರಿಗೆ ತಲೆಯ ಮೇಲಿನ ಪ್ರೆಸ್ ಬೇಡ. ಬಾರಿನ ಒಂದು ತುದಿಯನ್ನು ಗೋಡೆಯ ಮೂಲೆಗೆ ಚಿಂದಿ ಸುತ್ತಿ ಊರಿ, ಇನ್ನೊಂದು ತುದಿಯನ್ನು ಎದೆಯಿಂದ ಓರೆಯಾಗಿ ಮೇಲಕ್ಕೆ ದೂಡಿಸಿ.

ಗೋಳಗುಮ್ಮಟ

ಜಿಗಿಯೂದರ ಬಗ್ಗೆ ನಾ ಹೇಳತೀನ್ರಿ. ಕಂಬಿ ಹಿಡಿದು ಜಿಗಿಯೂದು ನಮ್ಮ ಕಡೆ ಆಗೂ ಮಾತಲ್ಲ, ಸೀರಿ ಉಟ್ಟವರಿಗಂತೂ ದೂರ. ಮೆಟ್ಟಲ ಮೆಟ್ಟಲ ಹಿಂಗ ಏರಸ್ರಿ. ಮೊದಲ ತಿಂಗಳ ಕಟ್ಟಿ ಹಿಡಕೊಂಡು ಹಿಮ್ಮಡಿ ಎತ್ತಿ ಧಪ್ ಅಂತ ಬಿಡೂದು, 10 ಸಲ, ದಿನಕ್ಕ ಎರಡ ಹೊತ್ತು. ಎರಡನೇ ತಿಂಗಳ ಒಂದ ಕಾಲಿಂದ ನೆಲಾ ಬಡಿಯೂದು, ಕಾಲಿಗೆ 10. ಮೂರನೇ ತಿಂಗಳ ಎರಡೂ ಕಾಲ ಕೂಡಿಸಿ ಒಂದಿಂಚು ಜಿಗಿಯೂದು, 5 ಸಲ, ನಡಕ ನಿಂತು, ಮತ್ತ 5. ಗಾದಿ ಮ್ಯಾಲ ಜಿಗದ್ರ ಏಟು ಗಾದಿನ ನುಂಗತದ, ಎಲುಬಿಗೆ ಏನೂ ಸಿಗೂದಿಲ್ಲ. ಒದ್ದಿ ಟೈಲ್ಸ್ ಮ್ಯಾಲ ಮಾಡಿದ್ರ ಮುರಕೊಂಡು ದವಾಖಾನಿಗೆ ಹೋಗತಾರ. ಒಣಾ ಸಿಮೆಂಟ್ ನೆಲಾ, ತೆಳ್ಳನ ಚಪ್ಪಲಿ.

ಯಾರೂ ಬಾಯಿಬಿಟ್ಟು ಹೇಳದ ಒಂದು ತೊಂದರಿ ಅದ. ಎರಡ ಮೂರ ಹಡದ ಹೆಣ್ಣಮಕ್ಕಳಿಗೆ ಜಿಗದಾಗ ಮೂತ್ರ ಸೋರತದ. ಮರುದಿನದಿಂದ ಬರೂದ ಬಿಡತಾರ, ಕಾರಣಾ "ಮೊಣಕಾಲ ನೋವು" ಅಂತಾರ. ಮೊದಲ ಕೇಳ್ರಿ, ಇದ್ದ್ರ ಜಿಗಿತಾ ಮುಂದಕ್ಕ ಹಾಕಿ ಮೂತ್ರ ತಡಿಯೂ ಕೆಳಗಿನ ಸ್ನಾಯು ಬಿಗಿಯೂದು ಕಲಸ್ರಿ. ಭಾರಾ ಎತ್ತೂ ಮುಂಚೆನೂ ಅದನ್ನ ಬಿಗದ ಎತ್ತಬೇಕು.

ಬ್ಯಾಡ ಅನ್ನೋರು: ಇತ್ತೀಚಿಗೆ ಬೆನ್ನೆಲುಬು ಕುಸದವರು, ಹತೋಟಿಗೆ ಬರದ ಬಿ.ಪಿ. ಇದ್ದವರು, ಸಕ್ಕರಿಯಿಂದ ಕಣ್ಣಿನ ಪರದೆಗೆ ರಕ್ತ ಇಳದವರು, ಹರ್ನಿಯಾ ಇದ್ದವರು, ನಡದ್ರ ಎದಿ ಹಿಡಿಯೋರು. ಇವರು ಮೊದಲ ಡಾಕ್ಟರ್ ಕಡೆ. ಮೊಣಕಾಲ ಚಿಪ್ಪು ಸವದವರಿಗೆ ಭಾರಾ ನಡೀತದ, ಜಿಗಿತಾ ಬ್ಯಾಡ.

ಮತ್ತ ಒಂದು. ಡೆಕ್ಸಾ (ಎಲುಬಿನ ಸಾಂದ್ರತೆ ಅಳಿಯೂ ಎಕ್ಸ್‌ರೇ ಸ್ಕ್ಯಾನ್) ವರದಿಯೊಳಗ "ಹಿಪ್" ಅಂತ ಇರತದ, ಮಂದಿ ಅದನ್ನ ಸೊಂಟಾ ಅಂತ ತಿಳಕೋತಾರ. ನಮ್ಮ ಕಡೆ ಟೊಂಕ, ನಿಮ್ಮ ಕಡೆ ಸೊಂಟ, ಎರಡೂ ಬೆನ್ನಿನ ಕೆಳಗಿನ ಭಾಗಾನ. ಹಿಪ್ ಅಂದ್ರ ತೊಡಿ ಎಲುಬು ಒಳಗ ಕೂಡೂ ಕೀಲು. "ಸೊಂಟದ ಎಲುಬು ವೀಕ್ ಅದ" ಅಂತ ಟೊಂಕಕ್ಕ ಬೆಲ್ಟ್ ಕಟಗೊಂಡು ಕೂತವರು ಭಾಳ.

ಡೆಕ್ಸಾರೂಮ್

ಗೋಳಗುಮ್ಮಟದವರು ಹೇಳಿದ ಬೆಲ್ಟಿನ ಮಾತು ನೂರಕ್ಕೆ ನೂರು ನಿಜ. ಸ್ಕ್ಯಾನ್ ಕಡೆಯಿಂದ ಕೆಲವು ಮಾತು, ನಾಲ್ಕನೇ ಪ್ರಶ್ನೆಗೆ ಇದು ಬೇಕು.

ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ: ಟಿ-ಸ್ಕೋರ್ −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ), −1ರಿಂದ −2.5ರ ನಡುವೆ ಇದ್ದರೆ ಆಸ್ಟಿಯೊಪೀನಿಯಾ (ಅದರ ಹಿಂದಿನ ಹಂತ). ಈ ಗೆರೆ ಡೆಕ್ಸಾ ಅಳತೆಗೆ ಮಾತ್ರ. ಕ್ಯಾಂಪುಗಳಲ್ಲಿ ಹಿಮ್ಮಡಿ ಇಟ್ಟು ಎರಡು ನಿಮಿಷದಲ್ಲಿ ಕೊಡುವ ಚೀಟಿ ಅಲ್ಟ್ರಾಸೌಂಡಿನದು. ಅದರ ಮೇಲೂ "ಟಿ-ಸ್ಕೋರ್" ಎಂದು ಅಚ್ಚಾಗಿರುತ್ತದೆ, ಆದರೆ ಈ ಗೆರೆಯನ್ನು ಅದಕ್ಕೆ ಹಚ್ಚಿ ಕಾಯಿಲೆ ಹೇಳುವಂತಿಲ್ಲ, ಔಷಧ ಶುರು ಮಾಡುವಂತಿಲ್ಲ.

ಡೆಕ್ಸಾ ಮೂಳೆಯನ್ನು ಚಪ್ಪಟೆ ನೆರಳಿನಂತೆ ನೋಡುತ್ತದೆ, ದಪ್ಪ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಸಣ್ಣ ಮೈಕಟ್ಟಿನವರ ಸಂಖ್ಯೆ ಇರುವುದಕ್ಕಿಂತ ಕಡಿಮೆ ಬರುತ್ತದೆ. ಐದಡಿಯೊಳಗಿನ ನಮ್ಮ ಹೆಂಗಸರನ್ನು ಪಾಶ್ಚಾತ್ಯ ಮಹಿಳೆಯರ ಸರಾಸರಿಗೆ ಹೋಲಿಸಿದಾಗ ಇದು ನೆನಪಿರಲಿ. ತಿರುವುಮುರುವೂ ಉಂಟು: ವಯಸ್ಸಾದ ಬೆನ್ನೆಲುಬಿನಲ್ಲಿ ಮುಳ್ಳಿನಂಥ ಮೂಳೆ ಬೆಳೆದಿದ್ದರೆ, ಅಥವಾ ಕಶೇರು (ಬೆನ್ನೆಲುಬಿನ ಬಿಡಿ ಮೂಳೆ) ಕುಸಿದು ಅಡಕವಾಗಿದ್ದರೆ, ಸಾಂದ್ರತೆ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಬೆನ್ನು −0.8, ಹಿಪ್ −2.6 ಎಂದು ಬಂದರೆ ನಂಬಬೇಕಾದ್ದು ಹಿಪ್ಪನ್ನು.

ಮುಖ್ಯ ಮಾತು ಮುಂದಿದೆ. ಒಬ್ಬರನ್ನೇ ಇಳಿಸಿ ಮತ್ತೆ ಮಲಗಿಸಿ ಅಳೆದರೂ ಸಂಖ್ಯೆ ಸ್ವಲ್ಪ ಅತ್ತಿತ್ತ ಆಗುತ್ತದೆ. ಅಂತರರಾಷ್ಟ್ರೀಯ ಮಾನದಂಡ ಒಪ್ಪುವ ಕನಿಷ್ಠ ನಿಖರತೆಯಲ್ಲಿ ಈ ಅಲುಗಾಟದ ಮಿತಿ ಬೆನ್ನೆಲುಬಿಗೆ 5.3%, ಒಟ್ಟು ಹಿಪ್ಪಿಗೆ 5.0%, ತೊಡೆಮೂಳೆಯ ಕುತ್ತಿಗೆಗೆ 6.9%. ಇಷ್ಟಕ್ಕಿಂತ ಕಡಿಮೆ ವ್ಯತ್ಯಾಸವನ್ನು ನಿಜವಾದ ಬದಲಾವಣೆ ಎನ್ನಲಾಗದು. ಒಳ್ಳೆ ಕೇಂದ್ರಗಳಲ್ಲಿ ಇದು ಕಡಿಮೆ, ಆದರೆ ಸೊನ್ನೆಯಲ್ಲ. ಈಗ ಲಿಫ್ಟ್‌ಮೋರ್ ನೋಡಿ: ಏರಿದ್ದು 2.9%, ಅದೂ ಗುಂಪಿನ ಸರಾಸರಿ. ಒಬ್ಬ ವ್ಯಕ್ತಿಯ ವರದಿಯಲ್ಲಿ ಅಷ್ಟೇ ಏರಿಕೆ ಬಂದರೆ, ಅದು ಮೂಳೆಯೋ ಯಂತ್ರದ ಅಲುಗಾಟವೋ ಎಂದು ಹೇಳಲು ಬರುವುದಿಲ್ಲ.

ಆದ್ದರಿಂದ "ಆರು ತಿಂಗಳು ಭಾರ ಎತ್ತಿದೆ, ಸ್ಕ್ಯಾನ್‌ನಲ್ಲಿ 1% ಇಳಿದಿದೆ, ವ್ಯಾಯಾಮ ದಂಡ" ಅನ್ನುವುದು ತಪ್ಪು. "2% ಏರಿದೆ, ಗೆದ್ದೆ" ಅನ್ನುವುದೂ ಅಷ್ಟೇ ತಪ್ಪು. ಹಳೆ ಮೂಳೆ ಕರಗಿ ಹೊಸದು ಕಟ್ಟಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಎರಡು ಸ್ಕ್ಯಾನ್ ನಡುವೆ ಒಂದರಿಂದ ಎರಡು ವರ್ಷ, ಅದೇ ಯಂತ್ರ, ಸಾಧ್ಯವಾದರೆ ಅದೇ ಆಪರೇಟರ್. ಬೇರೆ ಕಂಪನಿಯ ಯಂತ್ರಕ್ಕೆ ಹೋದರೆ ಹಳೆ ಸಂಖ್ಯೆಗೆ ಹೋಲಿಸಬೇಡಿ.

ನಡಿಗೆಪ್ರಿಯ

ಹಾಗಾದರೆ ಒಬ್ಬೊಬ್ಬರಿಗೆ ಫಲ ಕಾಣದ ಕೆಲಸಕ್ಕೆ ಇಷ್ಟು ಒದ್ದಾಟ ಯಾಕೆ? ವಾದಕ್ಕೆ ಅಲ್ಲ, ನಿಜಕ್ಕೂ ಕೇಳುತ್ತಿದ್ದೇನೆ.

ಫಿಸಿಯೊ_ಶಿವಮೊಗ್ಗ

ಒಳ್ಳೆ ಪ್ರಶ್ನೆ. ಹಿಪ್ ಮುರಿತಗಳಲ್ಲಿ ಬಹುಪಾಲು ಆಗುವುದು ಬಿದ್ದಾಗ, ಅದರಲ್ಲೂ ಪಕ್ಕಕ್ಕೆ ಬಿದ್ದಾಗ. ಸಾಂದ್ರತೆ ಇಬ್ಬರಲ್ಲಿ ಒಂದೇ ಇದ್ದರೂ, ಎಡವಿದಾಗ ಇನ್ನೊಂದು ಕಾಲನ್ನು ಥಟ್ಟನೆ ಮುಂದಿಡಬಲ್ಲವರು ಉಳಿಯುತ್ತಾರೆ. ಆ ಥಟ್ಟನೆಯ ಶಕ್ತಿಯೇ ವಯಸ್ಸಿನ ಜೊತೆ ಎಲ್ಲಕ್ಕಿಂತ ಬೇಗ ಹೋಗುವುದು. ಮಾಂಸಖಂಡದ ಗಾತ್ರ ಇಳಿಯುವ ವೇಗದ ಸುಮಾರು ಮೂರು ಪಟ್ಟು ವೇಗದಲ್ಲಿ ಬಲ ಇಳಿಯುತ್ತದೆ ಎಂದು ಅಮೆರಿಕದ ಹೆಲ್ತ್ ಎಬಿಸಿ ಅಧ್ಯಯನ 2006ರಲ್ಲಿ ತೋರಿಸಿತು. ವೇಗವಾಗಿ ಹಿಗ್ಗಿ ಕುಗ್ಗುವ ಸ್ನಾಯುವಿನ ಎಳೆಗಳು ಮೊದಲು ಸೊರಗುವುದೇ ಒಂದು ಕಾರಣ.

ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2019ರ ಕಾಕ್ರೇನ್ ವಿಮರ್ಶೆಯ ಪ್ರಕಾರ ವ್ಯಾಯಾಮದಿಂದ ಬೀಳುವ ಪ್ರಮಾಣ 23% ತಗ್ಗುತ್ತದೆ. ಸಮತೋಲನದ ಅಭ್ಯಾಸಕ್ಕೆ ಬಲದ ತರಬೇತಿ ಸೇರಿಸಿದರೆ 34%. ಬರೀ ನಡಿಗೆಗೆ ಅಂಥ ಪುರಾವೆ ಇಲ್ಲ. ಹಾಗಾಗಿ ಭಾರದ ಎರಡು ದಿನಗಳ ನಡುವೆ ಸಮತೋಲನಕ್ಕೆ 10 ನಿಮಿಷ ಕೊಡಿ: ಒಂದರ ಹಿಂದೆ ಒಂದು ಹೆಜ್ಜೆ ಜೋಡಿಸಿ ನಡೆಯುವುದು, ಒಂಟಿಕಾಲು, ಅಡ್ಡ ನಡಿಗೆ, ಹಿಮ್ಮುಖ ನಡಿಗೆ. ಅಡುಗೆಕಟ್ಟೆ ಕೈಗೆಟುಕುವಷ್ಟು ಹತ್ತಿರ ಇರಲಿ, ಆದರೆ ಹಿಡಿದುಕೊಂಡೇ ಮಾಡಿದರೆ ಅದು ಸಮತೋಲನ ಅಲ್ಲ.

ಅಳತೆಗೆ ಏಷ್ಯಾದ ಸಾರ್ಕೋಪೀನಿಯಾ (ವಯಸ್ಸಿನ ಜೊತೆ ಸ್ನಾಯು ಸೊರಗುವುದು) ತಜ್ಞರ ಗುಂಪಿನ 2019ರ ಗೆರೆಗಳು ಸಾಕು. ಮುಷ್ಟಿಬಲ ಗಂಡಸರಿಗೆ 28 ಕೆ.ಜಿ., ಹೆಂಗಸರಿಗೆ 18 ಕೆ.ಜಿ.ಗಿಂತ ಕಡಿಮೆ ಇದ್ದರೆ ಬಲ ಕುಂದಿದೆ. ಎದೆಯ ಮೇಲೆ ಕೈಕಟ್ಟಿ ಕುರ್ಚಿಯಿಂದ 5 ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ, 6 ಮೀಟರ್ ದಾರಿಯಲ್ಲಿ ಸೆಕೆಂಡಿಗೆ 1 ಮೀಟರಿಗಿಂತ ನಿಧಾನ ನಡೆದರೆ ಕಾಲಿನ ಕೆಲಸ ಕುಂದಿದೆ. ಮೀನಖಂಡದ ಸುತ್ತಳತೆ ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೂ ಮುಂದಿನ ಪರೀಕ್ಷೆ ಮಾಡಿ. ಕುರ್ಚಿ ಸುಮಾರು 43 ಸೆಂ.ಮೀ. ಎತ್ತರದ್ದು, ಕೈಯೊರಗು ಇಲ್ಲದ್ದು, ಗೋಡೆಗೆ ಒರಗಿಸಿದ್ದು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಅಪಾಯ.

ಮುಷ್ಟಿಬಲ ಸಣ್ಣ ವಿಷಯ ಅಲ್ಲ. 17 ದೇಶಗಳ 1,39,691 ಜನರ ಪ್ಯೂರ್ ಅಧ್ಯಯನ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಅದರ ಭಾಗ, 2015ರಲ್ಲಿ ಹೇಳಿದ್ದು: ಮುಷ್ಟಿಬಲ 5 ಕೆ.ಜಿ. ಕಡಿಮೆಯಾದ ಹಾಗೆಲ್ಲ ಸಾವಿನ ಅಪಾಯ 16% ಹೆಚ್ಚು. ಹಾಗೆಂದು ಸ್ಪಂಜಿನ ಚೆಂಡು ಹಿಚುಕುತ್ತಾ ಕೂತರೆ ಆಯಸ್ಸು ಬರುವುದಿಲ್ಲ, ಮುಷ್ಟಿ ಇಡೀ ಮೈಯ ಬಲದ ಸೂಚಕ ಅಷ್ಟೇ.

ಡೆಕ್ಸಾರೂಮ್

ಎತ್ತರವನ್ನೂ ಬರೆದಿಡಿ. ಬೆಳಿಗ್ಗೆ, ಚಪ್ಪಲಿ ಇಲ್ಲದೆ, ಹಿಮ್ಮಡಿ ಗೋಡೆಗೆ. ವರ್ಷದಲ್ಲಿ 2 ಸೆಂ.ಮೀ. ಇಳಿದರೆ ಕಶೇರು ಕುಸಿದಿರಬಹುದು, ಪಕ್ಕದಿಂದ ಎಕ್ಸ್‌ರೇ ತೆಗೆಸಿ. ಕಶೇರು ಕುಸಿತಗಳಲ್ಲಿ ಬಹಳಷ್ಟು ನೋವೇ ಇಲ್ಲದೆ ಆಗಿಹೋಗುತ್ತವೆ. "ವಯಸ್ಸಾಯ್ತು, ಕುಗ್ಗಿದಾರೆ" ಎಂದು ಮನೆಯವರು ಸುಮ್ಮನಿರುತ್ತಾರೆ.

ಹುರುಳಿಕಟ್ಟು

ಊಟದ ಲೆಕ್ಕ ಬಾಕಿ ಇದೆ. ಮೊದಲು ಒಂದು ಎಚ್ಚರಿಕೆ: ಮೇಲೆ ಹೇಳಿದ ಬಾಸ್ಟನ್ ತಂಡವೇ 1994ರಲ್ಲಿ ವೃದ್ಧಾಶ್ರಮದ 100 ಜನರಲ್ಲಿ ಪೌಷ್ಟಿಕ ಪಾನೀಯವನ್ನೂ ಪರೀಕ್ಷಿಸಿತು. ವ್ಯಾಯಾಮದವರ ಬಲ 113% ಏರಿತು, ಬರೀ ಪಾನೀಯ ಕುಡಿದವರ ಬಲ ಏರಲಿಲ್ಲ. ಡಬ್ಬದ ಪುಡಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಇದನ್ನು ಓದಿ.

ಭಾರ ಎತ್ತುವ ಹಿರಿಯರಿಗೆ ಮೈತೂಕದ ಕೆ.ಜಿ.ಗೆ 1.2 ಗ್ರಾಂ ಪ್ರೋಟೀನ್ ಇಟ್ಟುಕೊಳ್ಳಿ. 55 ಕೆ.ಜಿ. ತೂಕದವರಿಗೆ 66 ಗ್ರಾಂ. ಹಳೇ ಮೈಸೂರು ಕಡೆಯ ಸಾಮಾನ್ಯ ದಿನ: ರಾಗಿಹಿಟ್ಟು 200 ಗ್ರಾಂ, ಅಂದರೆ ಎರಡು ಮುದ್ದೆ, ಅದರಲ್ಲಿ 14. ಅಕ್ಕಿ 100 ಗ್ರಾಂ, 8. ತೊಗರಿಬೇಳೆ 60 ಗ್ರಾಂ, 13. ಹಾಲು ಮೊಸರು ಸೇರಿ 400 ಮಿ.ಲೀ., 13. ಒಟ್ಟು 48. ಕೊರತೆ 18. ಇದರಲ್ಲೂ ಸೋಸಿದ ತಿಳಿಸಾರು ಮಾತ್ರ ಉಣ್ಣುವವರಿಗೆ ಬೇಳೆಯ 13 ಸಿಗುವುದಿಲ್ಲ, ಅದು ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಹುರುಳಿಕಾಳು 50 ಗ್ರಾಂ ತಿಂದರೆ 11, ಕಡಲೆಕಾಯಿ ಬೀಜ 30 ಗ್ರಾಂ ಸೇರಿಸಿದರೆ 7, ಕೊರತೆ ಮುಚ್ಚಿತು. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6. ಹುರುಳಿಯಲ್ಲಿ ಕಾಳನ್ನೇ ತಿನ್ನಬೇಕು. ಕಟ್ಟು ಕುಡಿದು ಕಾಳನ್ನು ದನಕ್ಕೆ ಹಾಕಿದರೆ ಪ್ರೋಟೀನ್ ದನಕ್ಕೆ. ನನ್ನ ಹೆಸರು ನೋಡಿ ನಗಬೇಡಿ.

ಹಿರಿಯರ ಸ್ನಾಯು ಸಣ್ಣ ಸಣ್ಣ ಪ್ರಮಾಣಕ್ಕೆ ಸರಿಯಾಗಿ ಓಗೊಡುವುದಿಲ್ಲ, ಊಟಕ್ಕೆ 20–25 ಗ್ರಾಂ ಒಟ್ಟಿಗೆ ಬೀಳಬೇಕು. ಬೆಳಿಗ್ಗೆ ಎರಡು ಇಡ್ಲಿ, ಕಾಫಿ ಅಂದರೆ ಆ ಹೊತ್ತು ಖಾಲಿ ಹೋದಂತೆಯೇ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಕ್ಯಾಲ್ಸಿಯಂ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ವಯಸ್ಕರಿಗೆ 1000 ಮಿ.ಗ್ರಾಂ., ಮುಟ್ಟು ನಿಂತವರಿಗೆ 1200. ರಾಗಿ 100 ಗ್ರಾಂಗೆ 364, ಹಸುವಿನ ಹಾಲು 100ಕ್ಕೆ 118, ನುಗ್ಗೆಸೊಪ್ಪು 100ಕ್ಕೆ 314. ಒಂದು ಮುದ್ದೆ, ಎರಡು ಲೋಟ ಹಾಲು, ಒಂದು ಹಿಡಿ ನುಗ್ಗೆಸೊಪ್ಪಿನ ಪಲ್ಯ ಅಂದರೆ ಸಾವಿರದ ಹತ್ತಿರ, ಎರಡನೇ ಮುದ್ದೆಗೆ 1200 ದಾಟಿತು. ರಾಗಿಯ ಫೈಟೇಟ್ ಸ್ವಲ್ಪ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಬರಿಸಿದರೆ ಹಿಡಿತ ಸಡಿಲ. ಪಾಲಕ್ ಲೆಕ್ಕಕ್ಕೆ ಹಿಡಿಯಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಬಿಟ್ಟುಕೊಡುವುದಿಲ್ಲ. ಊಟದಿಂದಲೇ 1200 ಆಗುತ್ತಿದ್ದರೆ ಮೇಲೊಂದು ಮಾತ್ರೆ ಬೇಕಿಲ್ಲ.

ಕಡಲತೀರ

ಡಿ ವಿಟಮಿನ್ 60,000 ಯೂನಿಟ್ಟಿನ ಸ್ಯಾಶೆ ವರ್ಷಗಟ್ಟಲೆ ವಾರವಾರ ತೆಗೆದುಕೊಳ್ಳುವವರು ಮಂಗಳೂರು ಕಡೆ ಬಹಳ ಮಾರಾಯ್ರೆ. ಇದು ಸರಿಯೋ?

ಹುರುಳಿಕಟ್ಟು

ಸರಿಯಲ್ಲ. ವಾರಕ್ಕೊಂದು, ಸಾಮಾನ್ಯವಾಗಿ 8 ವಾರ, ಅದು ಕೊರತೆ ತುಂಬುವ ಹಂತ. ಆಮೇಲೆ ವೈದ್ಯರು ತಿಂಗಳಿಗೊಂದಕ್ಕೋ ದಿನದ ಸಣ್ಣ ಪ್ರಮಾಣಕ್ಕೋ ಇಳಿಸುತ್ತಾರೆ. ಚೀಟಿ ಹಳೆಯದಾದರೂ ಅಂಗಡಿಯಲ್ಲಿ ಕೊಡುತ್ತಾರೆ, ಜನ ಮುಂದುವರಿಸುತ್ತಾರೆ. ವಾಂತಿ ಬಂದ ಹಾಗಾಗುವುದು, ಮಲಬದ್ಧತೆ, ಅತಿ ಬಾಯಾರಿಕೆ, ಮಂಕು ಕವಿಯುವುದು ಕಂಡರೆ ರಕ್ತದ ಕ್ಯಾಲ್ಸಿಯಂ ನೋಡಿಸಿ. ಹೆಚ್ಚು ಅಂದರೆ ಒಳ್ಳೆಯದು ಎಂಬ ನಂಬಿಕೆಗೆ 2010ರಲ್ಲಿ ಆಸ್ಟ್ರೇಲಿಯಾದಿಂದಲೇ ಉತ್ತರ ಬಂತು. 70 ದಾಟಿದ 2256 ಮಹಿಳೆಯರಲ್ಲಿ ಅರ್ಧ ಜನಕ್ಕೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟರು. ಅವರು 15% ಹೆಚ್ಚು ಬಿದ್ದರು, ಮೂಳೆ 26% ಹೆಚ್ಚು ಮುರಿಯಿತು. ಅಮೆರಿಕದ ವೈಟಲ್ ಪ್ರಯೋಗ 25,871 ಜನರಲ್ಲಿ ನಡೆಯಿತು. ದಿನಕ್ಕೆ 2000 ಯೂನಿಟ್ ತೆಗೆದುಕೊಂಡವರಲ್ಲಿ ಮುರಿತ ಕಡಿಮೆಯಾಗಲಿಲ್ಲ. ಅವರು ಕೊರತೆ ನೋಡಿ ಆರಿಸಿದವರಲ್ಲ ಎಂಬುದನ್ನೂ ಹೇಳಬೇಕು. ನಿಜವಾಗಿ ಕೊರತೆ ಇದ್ದವರಿಗೆ ತುಂಬಲೇಬೇಕು.

ಕಡಲತೀರ

ಯೋಗ ತರಗತಿಯ ಪಶ್ಚಿಮೋತ್ತಾನಾಸನ, ಹಲಾಸನ? ಟಿ-ಸ್ಕೋರ್ −2.8 ಇದ್ದವರೂ ಮಾಡ್ತಾರೆ.

ಫಿಸಿಯೊ_ಶಿವಮೊಗ್ಗ

ಬೇಡ. ಬೆನ್ನು ಮುಂದಕ್ಕೆ ಗೂನಾದಾಗ ಕಶೇರುವಿನ ಮುಂಭಾಗದ ಮೇಲೆ ಒತ್ತಡ ಕೂಡುತ್ತದೆ, ಕುಸಿಯುವುದೂ ಆ ಭಾಗವೇ. ಮೇಯೊ ಕ್ಲಿನಿಕ್‌ನ ಮೆಹರ್‌ಶೀದ್ ಸಿನಾಕಿ 1984ರಲ್ಲಿ ಬೆನ್ನೆಲುಬಿನ ಆಸ್ಟಿಯೊಪೊರೋಸಿಸ್ ಇದ್ದ 59 ಮಹಿಳೆಯರನ್ನು ನೋಡಿದರು. ಹಿಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ 16% ಜನಕ್ಕೆ ಹೊಸ ಕುಸಿತ, ಮುಂದಕ್ಕೆ ಬಾಗಿದವರಲ್ಲಿ 89%, ಏನೂ ಮಾಡದವರಲ್ಲಿ 67%. ಮುಂದಕ್ಕೆ ಬಾಗಿದವರು 9 ಜನ ಮಾತ್ರ, ಹಾಗಾಗಿ ಶೇಕಡಾವನ್ನು ಕಲ್ಲಿನ ಮೇಲೆ ಕೆತ್ತಬೇಡಿ. ಆದರೂ ದಿಕ್ಕು ಸ್ಪಷ್ಟ.

2002ರಲ್ಲಿ ಅವರದೇ ಇನ್ನೊಂದು ವರದಿ. ಬೋರಲು ಮಲಗಿ, ಬೆನ್ನಿಗೆ ತೂಕದ ಚೀಲ ಕಟ್ಟಿ, ಎದೆ ಎತ್ತುವುದು 10 ಸಲ, ವಾರಕ್ಕೆ 5 ದಿನ, 2 ವರ್ಷ. ಆಮೇಲೆ ಬಿಟ್ಟರು. ಹತ್ತನೇ ವರ್ಷ ನೋಡಿದಾಗ ಕುಸಿದ ಕಶೇರುಗಳು ಇವರಲ್ಲಿ 1.6%, ಮಾಡದವರಲ್ಲಿ 4.3%. ತರಗತಿಯಲ್ಲಿ ಭುಜಂಗಾಸನ, ಶಲಭಾಸನ, ವೀರಭದ್ರಾಸನ, ವೃಕ್ಷಾಸನ ಇರಲಿ. ಮುಂದೆ ಬಾಗುವ ಆಸನಗಳು, ಕೂತು ಬಲವಾಗಿ ತಿರುಚುವುದು, ಮಲಗಿ ಎದ್ದು ಕೂರುವ ಹೊಟ್ಟೆ ವ್ಯಾಯಾಮ ತೆಗೆಯಿರಿ. ಸರ್ವಾಂಗಾಸನ, ಹಲಾಸನ ಕುತ್ತಿಗೆಗೂ ಕೆಟ್ಟದ್ದು.

ಗೋಳಗುಮ್ಮಟ

ಎಲುಬಿನ ಔಷಧಾ ಬಿಟ್ಟು ಭಾರಾ ಎತ್ತತೀನಿ ಅನ್ನೋರಿಗೆ ಒಂದ ಮಾತು. ಆರ ತಿಂಗಳಿಗೊಮ್ಮೆ ಚುಚ್ಚೂ ಡೆನೊಸುಮ್ಯಾಬ್ 60 ಮಿ.ಗ್ರಾಂ. ಇರತದಲ್ರಿ, ಅದನ್ನ ತಮ್ಮಷ್ಟಕ್ಕ ತಾವ ನಿಲ್ಲಸಬಾರದು. ನಿಂತ ಕೂಡ್ಲೆ ಎಲುಬು ಕರಗೂದು ಹುಚ್ಚೆದ್ದು ಶುರುವಾಗತದ, ಒಂದರ ಹಿಂದ ಒಂದು ಕಶೇರು ಕುಸದಾವು. ನಿಲ್ಲಸೂದಿದ್ರ ಡಾಕ್ಟರ್ ಬ್ಯಾರೆ ಔಷಧಾ ಕೊಟ್ಟ ನಿಲ್ಲಸತಾರ. ವಾರಕ್ಕೊಮ್ಮೆ ಅಲೆಂಡ್ರೊನೇಟ್ 70 ಮಿ.ಗ್ರಾಂ. ನುಂಗೋರು ಖಾಲಿ ಹೊಟ್ಟಿಲೆ, ಒಂದ ಗ್ಲಾಸ್ ಬರೇ ನೀರಾಗ, ಅರ್ಧಾ ತಾಸು ಮಲಗಬಾರದು, ಚಾನೂ ಬ್ಯಾಡ. ಚಾದ ಜೋಡಿ ನುಂಗಿದ್ರ ಗುಳಿಗಿ ಮೈಗೆ ಹತ್ತೂದಿಲ್ಲ, ಮಲಗಿದ್ರ ಅನ್ನನಾಳ ಸುಡತದ.

ನಡಿಗೆಪ್ರಿಯ

ಒಪ್ಪಿದೆ. ಮದುವೆ ಸೀಸನ್, ಮೊಮ್ಮಕ್ಕಳ ರಜೆ ಅಂತ ಮೂರು ವಾರ ತಪ್ಪಿದರೆ ಮತ್ತೆ ಕೋಲಿನಿಂದಲೇ ಶುರುವೇ?

ತೊಲೆಬಾರ

ಬೇಡ. ಒಂದು ವಾರ ತಪ್ಪಿದರೆ ಅದೇ ತೂಕ, 3 ಸೆಟ್ ಮಾತ್ರ. ಮೂರು ವಾರಕ್ಕೆ ತೂಕ 20% ಇಳಿಸಿ, ಮೂರ್ನಾಲ್ಕು ಸಲದಲ್ಲಿ ಹಳೆಯದಕ್ಕೆ ಬನ್ನಿ. ಜ್ವರದಿಂದ ಹಾಸಿಗೆ ಹಿಡಿದಿದ್ದರೆ ಬೇರೆ ಲೆಕ್ಕ: ಹಿರಿಯರಲ್ಲಿ ಹತ್ತು ದಿನದ ಹಾಸಿಗೆಯೇ ಕಾಲಿನ ಬಲವನ್ನು ಚೆನ್ನಾಗಿ ತಿಂದಿರುತ್ತದೆ, ಆಗ ಕುರ್ಚಿಯಿಂದ ಶುರು ಮಾಡಿ. ಪೂರ್ತಿ ಬಿಡುವುದಕ್ಕಿಂತ ಊರಿಗೆ ಹೋದಲ್ಲೇ ವಾರಕ್ಕೊಂದು ದಿನ ಮಾಡುವುದು ಮೇಲು. ಒಂದು ಗಟ್ಟಿ ಚೀಲಕ್ಕೆ ಮರಳು ತೂಗಿ ತುಂಬಿ, ಎರಡು ಹಿಡಿ ಹೊಲಿಸಿಕೊಂಡರೆ ಡೆಡ್‌ಲಿಫ್ಟ್ ಆಯಿತು. 20 ಲೀಟರಿನ ನೀರಿನ ಕ್ಯಾನ್ ಬೇಡ. ಒಳಗೆ ನೀರು ತುಳುಕಿ ಭಾರ ಓಲಾಡುತ್ತದೆ, ಕತ್ತು ಹಿಡಿದು ಎತ್ತಿದರೆ ಮೈ ಒಂದೇ ಕಡೆ ವಾಲುತ್ತದೆ.